ಸತ್ತ ಕುದುರೆಯ ಬಾಲಕ್ಕೂ ದುಡ್ಡು

ಹೋದ ಕಾರ್ತಿಕದಲ್ಲಿ ಗೆಳೆಯನೊಬ್ಬನ ಮದುವೆಗೆ ಹೊಸಪೇಟೆಗೆ ಹೋಗಿದ್ದೆ. ರಾತ್ರಿ ಮೆರವಣಿಗೆಗೆ ಬಿಳಿ ಕುದುರೆ ಹೇಳಿದ್ರು. ಕುದುರೆ ಬಂತು, ಆದರೆ ನಡಿಗೆ ಸರಿ ಇರಲಿಲ್ಲ. ಮುಂದಿನ ಕಾಲು ನೆಟ್ಟಗೆ ಬೀಳ್ತಿದ್ವು. ಹಿಂದಿನ ಎರಡು ಮಾತ್ರ ಕುಡಿದವನ ಕಾಲಿನ ಹಾಗೆ ಅತ್ತಿತ್ತ ತೂರಾಡ್ತಿದ್ವು. ಗೊರಸಿನ ತುದಿ ರಸ್ತೆಗೆ ಉಜ್ಜಿ ಕರಕರ ಸದ್ದು. ತಿರುಗಿಸೋಕೆ ಹೋದರೆ ಸೊಂಟ ಒಂದು ಕಡೆ ವಾಲಿ, ಇನ್ನೇನು ಬಿತ್ತು ಅನ್ನೋ ಹಾಗೆ.

ಕುದುರೆ ತಂದಿದ್ದ ಚಾಚಾಗೆ ಅರವತ್ತು ದಾಟಿತ್ತು. "ಜ್ವರ ಇಲ್ರೀ. ಮೇವು ತಿಂತೈತಿ, ನೀರು ಕುಡೀತೈತಿ. ಹತ್ತು ದಿನ ಆತು, ಸೊಂಟಾನೇ ಎತ್ತವಲ್ದು. ಹ್ವಾದ ವರ್ಷ ಇನ್ನೊಂದು ಹಿಂಗೇ ಬಿದ್ದು ಹೋತು. ಯಾರ ಕಣ್ಣು ಬಿತ್ತೋ ಏನೋ" ಅಂದರು. ಸುತ್ತ ನಿಂತವರು ತಲೆಗೊಂದು ಕಾರಣ ಕೊಟ್ಟರು. ಮೇವು ಕಡಿಮೆ ಹಾಕಿರಬೇಕು, ಜಾಸ್ತಿ ಕುಣಿಸಿರಬೇಕು, ಲಾಳ ಸರಿ ಕಟ್ಟಿಲ್ಲ. ಎಲ್ಲ ಕಾರಣಗಳೂ ಕೊನೆಗೆ ಚಾಚಾನ ತಲೆ ಮೇಲೇ ಬರ್ತಿದ್ವು.

ಗೆಳೆಯನ ಸೋದರಮಾವ ರಿಟೈರ್ಡ್ ಪಶುವೈದ್ಯರು. ಅವರು ಕುದುರೆ ನಡೀತಿರುವಾಗಲೇ ಬಾಲ ಹಿಡಿದು ಒಂದು ಸಲ ಮೆಲ್ಲಗೆ ಪಕ್ಕಕ್ಕೆ ಎಳೆದರು. ಅಷ್ಟಕ್ಕೇ ಇಡೀ ಹಿಂಭಾಗ ವಾಲಿತು. ಆಮೇಲೆ ಕೇಳಿದ್ದು ಕುದುರೆ ಬಗ್ಗೆ ಅಲ್ಲ.

"ಚಾಚಾ, ಇದನ್ನ ಎಲ್ಲಿ ಕಟ್ತೀರಿ? ಪಕ್ಕದಾಗ ಎಮ್ಮಿ ಅದಾವೇನು?"

"ಅದಾವ್ರೀ ಡಾಕ್ಟ್ರೇ, ನಾಕು. ನಮ್ಮ ತಮ್ಮಂದು."

"ಗದ್ದಿ?"

"ಮಗ್ಗಲಾಗೇ ಐತ್ರೀ. ಮನಿ ಇರೋದೇ ಕಾಲುವಿ ದಂಡಿಗೆ."

ಡಾಕ್ಟರ್ ತಲೆ ಆಡಿಸಿದರು. ಮದುಮಗ ಜೀಪಲ್ಲಿ ಹೋದ. ನನಗೆ ಆ ಪ್ರಶ್ನೆ ತಲೆಯಲ್ಲಿ ಉಳೀತು. ಕುದುರೆಯ ಸೊಂಟಕ್ಕೂ ಪಕ್ಕದ ಎಮ್ಮೆಗೂ ಏನು ಸಂಬಂಧ?

ಮರುದಿನ ಹಂಪಿಗೆ ಹೋದೆ. ಹಜಾರರಾಮ ದೇವಸ್ಥಾನದ ಹೊರಗೋಡೆ ನೀವು ನೋಡೇ ಇರ್ತೀರ. ಕೆಳಗಿನ ಸಾಲಲ್ಲಿ ಆನೆಗಳು, ಅದರ ಮೇಲೆ ಕುದುರೆಗಳು, ಅದರ ಮೇಲೆ ಸೈನಿಕರು, ನರ್ತಕಿಯರು. ಅಷ್ಟೂ ಸಲ ನಾನು ಕುದುರೆ ಮಾತ್ರ ನೋಡಿದ್ದೆ. ಈ ಸಲ ಕುದುರೆ ಹಿಡಿದು ನಡೆಸ್ತಿರೋ ಆಳುಗಳನ್ನ ನೋಡಿದೆ. ಮಹಾನವಮಿ ದಿಬ್ಬದ ಕಲ್ಲುಗಳಲ್ಲೂ ಗಡ್ಡ ಬಿಟ್ಟ, ಟೋಪಿ ಹಾಕಿದ ಪರದೇಶದ ಜನ ಇದ್ದಾರೆ. ವಿಠ್ಠಲ ದೇವಸ್ಥಾನದ ದಾರಿಯಲ್ಲಿ ಒಂದು ಮಂಟಪಕ್ಕೆ ಹೆಸರೇ ಕುದುರೆಗೊಂಬೆ ಮಂಟಪ. ಇಷ್ಟೊಂದು ಕುದುರೆ ಕೆತ್ತಿದ ಊರಲ್ಲಿ ಕುದುರೆಗಳು ಹೇಗೆ ಬದುಕಿದ್ವು ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಓದ್ತಾ ಹೋದೆ. ಉತ್ತರ ಒಂದೇ ಸಾಲಲ್ಲಿ ಹೇಳೋದಾದರೆ: ಹೆಚ್ಚು ಕಾಲ ಬದುಕ್ತಿರಲಿಲ್ಲ.

ಫೆರ್ನಾವ್ ನೂನಿಜ್ ಅನ್ನೋ ಪೋರ್ಚುಗೀಸ ಅಚ್ಯುತರಾಯನ ಕಾಲದಲ್ಲಿ, 1535ರ ಆಸುಪಾಸು, ವಿಜಯನಗರದಲ್ಲಿದ್ದ. ಅವನು ಬರೆದದ್ದನ್ನ ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ನೂನಿಜ್ ಪ್ರಕಾರ ರಾಜ ವರ್ಷಕ್ಕೆ 13,000 ಕುದುರೆ ಕೊಳ್ತಿದ್ದ. ಹೋರ್ಮುಜ್‌ನಿಂದ ಬಂದವೂ ಸ್ಥಳೀಯ ತಳಿಯವೂ ಸೇರಿ ಈ ಲೆಕ್ಕ. ಒಳ್ಳೇವನ್ನ ತನ್ನ ಲಾಯಕ್ಕೆ ಇಟ್ಕೊಂಡು ಉಳಿದದ್ದನ್ನ ದಳವಾಯಿಗಳಿಗೆ ಮಾರ್ತಿದ್ದ. ಇದೆಲ್ಲ ರೋಗಕ್ಕೆ ಸತ್ತವಕ್ಕೆ ಬದಲಿ ಅಂತ ಹೇಳೋಕೆ ಬರಲ್ಲ. ಯುದ್ಧ ಇತ್ತು, ಸೈನ್ಯ ಬೆಳೀತಿತ್ತು. ಆದರೆ ಅದೇ ನೂನಿಜ್ ಹೇಳೋ ಇನ್ನೆರಡು ಸಂಗತಿ ಕೇಳಿ.

ಒಂದು, ಸಾಳುವ ನರಸಿಂಹನದು. ಆಳಿದ್ದು 1485ರಿಂದ 1491. ಇವನು ಹೋರ್ಮುಜ್ ಮತ್ತು ಏಡನ್‌ನಿಂದ ಕುದುರೆ ತರಿಸ್ತಿದ್ದ. ವ್ಯಾಪಾರಿಗಳು ಕೇಳಿದ ರೇಟಿಗೆ, ಸಾವಿರ ಪರ್ದಾವಿಗೆ ಮೂರು. ಪರ್ದಾವ್ ಅಂದರೆ ನಮ್ಮ ವರಹಕ್ಕೆ ಪೋರ್ಚುಗೀಸರು ಕರೀತಿದ್ದ ಹೆಸರು. ಬದುಕಿದ್ದರೂ ಅದೇ ರೇಟು, ಸತ್ತರೂ ಅದೇ ರೇಟು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆ ಕೈಗೆ.

ಎರಡು, ರಾಜ ಸವಾರರಿಗೆ ಕೊಟ್ಟ ಕುದುರೆಗಳಿಗೆ ಅರಮನೆ ಮುದ್ರೆ ಒತ್ತಿರ್ತಿದ್ರು. ಕುದುರೆ ಸತ್ತರೆ ಆ ಮುದ್ರೆ ಇರೋ ಚರ್ಮದ ತುಂಡು ಕೊಯ್ದು ಕುದುರೆ ಮೇಲ್ವಿಚಾರಕನಿಗೆ ಒಪ್ಪಿಸಬೇಕು, ಅವನು ಬೇರೆ ಕುದುರೆ ಕೊಡ್ತಿದ್ದ. ನಮ್ಮ ಆಫೀಸಲ್ಲಿ ಕೆಟ್ಟ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಹೊಸದು ಇಸ್ಕೊಳ್ಳೋ ಹಾಗೆ. ಇಂಥ ನಿಯಮ ಯಾವಾಗ ಬರುತ್ತೆ ಹೇಳಿ? ಸಾವು ಅಪರೂಪ ಆಗಿದ್ದಾಗ ಅಲ್ಲ, ದಿನದ ವ್ಯವಹಾರ ಆದಾಗ.

ಬಾಲ ಒಂದು ಪುರಾವೆ, ಚರ್ಮ ಒಂದು ಪುರಾವೆ. ಸತ್ತದ್ದರ ಲೆಕ್ಕ ಪಕ್ಕಾ. ಯಾಕೆ ಸತ್ತಿತು ಅಂತ ಮಾತ್ರ ನೂನಿಜ್ ಹೇಳಲ್ಲ. ಯಾಕೆ ಹೇಳಲ್ಲ ಅನ್ನೋದಕ್ಕೆ ಒಂದು ಸುಳಿವಿದೆ. ಆತನೇ ಕುದುರೆ ವ್ಯಾಪಾರಿ ಅಂತ ಇತಿಹಾಸಕಾರರು ಗುರುತಿಸ್ತಾರೆ.

ಅವನಿಗಿಂತ ಮುಂಚೆ ಬಂದ ಬಾರ್ಬೋಸ ಅನ್ನೋ ಇನ್ನೊಬ್ಬ ಪೋರ್ಚುಗೀಸನೂ ಈ ಸೀಮೆಯಲ್ಲಿ ಕುದುರೆ ಚೆನ್ನಾಗಿ ಇರಲ್ಲ, ಬಹಳ ಕಾಲ ಬಾಳಲ್ಲ ಅಂತಲೇ ಬರೆದಿದ್ದಾನೆ. ಕಾರಣ ಹುಡುಕ್ತಾ ಇನ್ನೂ ಹಿಂದೆ ಹೋದರೆ ಸಿಗೋನು ಮಾರ್ಕೋ ಪೋಲೋ. ಅವನು 1290ರ ದಶಕದಲ್ಲಿ ಕಂಡದ್ದು ನಮ್ಮ ಸೀಮೆ ಅಲ್ಲ, ಪಾಂಡ್ಯರ ತಮಿಳು ಕರಾವಳಿ. ಆದರೆ ಕುದುರೆ ಬರ್ತಿದ್ದದ್ದು ಅದೇ ಬಂದರುಗಳಿಂದ, ಸಾಯ್ತಿದ್ದದ್ದೂ ಅದೇ ರೀತಿ. ಅಲ್ಲಿನ ಒಬ್ಬೊಬ್ಬ ರಾಜನೂ ವರ್ಷಕ್ಕೆ ಎರಡು ಸಾವಿರಕ್ಕೂ ಮೇಲೆ ಕುದುರೆ ಕೊಳ್ತಾನೆ, ವರ್ಷದ ಕೊನೆಗೆ ನೂರೂ ಉಳಿಯಲ್ಲ ಅಂತಾನೆ. ಕಾರಣವನ್ನೂ ಅವನೇ ಕೊಡ್ತಾನೆ. ಈ ಜನಕ್ಕೆ ಕುದುರೆ ಸಾಕೋಕೆ ಬರಲ್ಲ, ಅನ್ನ ಮಾಂಸ ಬೇಯಿಸಿ ಹಾಕ್ತಾರೆ, ಲಾಳ ಕಟ್ಟೋರು ಇಲ್ಲ. ಅದರ ಜೊತೆಗೇ ಇನ್ನೊಂದು ಮಾತೂ ಸೇರಿಸ್ತಾನೆ. ಲಾಳ ಕಟ್ಟೋರನ್ನ ವ್ಯಾಪಾರಿಗಳೇ ಈ ಕಡೆ ಬರೋಕೆ ಬಿಡಲ್ಲ. ಕುದುರೆ ಸತ್ತಷ್ಟೂ ಅವರಿಗೆ ಲಾಭ.

ಹೆಚ್ಚುಕಮ್ಮಿ ಅದೇ ಕಾಲದ ಪರ್ಷಿಯದ ಇತಿಹಾಸಕಾರ ವಸ್ಸಾಫ್ ಕೂಡ ಇದನ್ನೇ ಇನ್ನಷ್ಟು ವಿವರವಾಗಿ ಹೇಳ್ತಾನೆ. ಹಸಿ ಬಾರ್ಲಿ ಕೊಡೋ ಬದಲು ಹುರಿದ ಧಾನ್ಯಕ್ಕೆ ಬೆಣ್ಣೆ ಕಲಸಿ ಹಾಕ್ತಾರೆ, ಕುಡಿಯೋಕೆ ಕಾಯಿಸಿದ ಹಸುವಿನ ಹಾಲು. ನಲವತ್ತು ದಿನ ಗೂಟಕ್ಕೆ ಕಟ್ಟಿ ಕೊಬ್ಬಿಸಿ, ಪಳಗಿಸದೇ ಹಾಗೇ ಹತ್ತಿಬಿಡ್ತಾರೆ. ಹಡಗಲ್ಲಿ ಸತ್ತ ಕುದುರೆಗೂ ಖಜಾನೆಯಿಂದ ಹಣ ಕೊಡೋ ಒಪ್ಪಂದ ಇತ್ತು ಅಂತಲೂ ಹೇಳ್ತಾನೆ. ಅಂದರೆ ಬಾಲಕ್ಕೆ ದುಡ್ಡು ಕೊಡೋ ಪದ್ಧತಿ ಸಾಳುವ ನರಸಿಂಹನ ತಲೆಯಿಂದ ಬಂದದ್ದಲ್ಲ, ಇನ್ನೂರು ವರ್ಷ ಹಳೇದು.

ಸಾಫ್ಟ್‌ವೇರಲ್ಲಿ ಇರೋರಿಗೆ ಈ ತರ್ಕ ಚೆನ್ನಾಗಿ ಗೊತ್ತು. ಪ್ರಾಡಕ್ಟ್ ಮಾರಿದೋರನ್ನ ಕೇಳಿದರೆ ಯಾವಾಗಲೂ ಒಂದೇ ಉತ್ತರ: ನಮ್ಮದು ಸರಿ ಇದೆ, ಬಳಸೋರಿಗೆ ಗೊತ್ತಿಲ್ಲ. ಏಳು ನೂರು ವರ್ಷದಿಂದ ದಕ್ಷಿಣದ ಕುದುರೆ ಸಾವಿನ ಮೇಲೆ ಇದೇ ಚೀಟಿ ಅಂಟಿದೆ. ಈಗಲೂ ಇತಿಹಾಸದ ಎಷ್ಟೋ ಬರಹಗಳಲ್ಲಿ ಅದೇ ಸಾಲು ಹಾಗೇ ನಕಲಾಗಿ ಬರುತ್ತೆ.

ಆದರೆ ನಿಜಕ್ಕೂ ಗೊತ್ತಿರಲಿಲ್ವಾ? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗೆ ಅಂತಲೇ ಒಂದು ಅಧ್ಯಾಯ ಇದೆ. ಚಿಕಿತ್ಸೆ ತಪ್ಪಿ ರೋಗ ಹೆಚ್ಚಿದರೆ ವೈದ್ಯನಿಗೆ ಚಿಕಿತ್ಸೆಯ ಖರ್ಚಿನ ಎರಡರಷ್ಟು ದಂಡ, ಕುದುರೆ ಸತ್ತರೆ ಕುದುರೆಯ ಬೆಲೆಯೇ ದಂಡ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ ಮಾನಸೋಲ್ಲಾಸ 12ನೇ ಶತಮಾನದ್ದು. ಅದರಲ್ಲಿ ಕುದುರೆಯ ಲಕ್ಷಣ, ಆರೈಕೆ, ಚಿಕಿತ್ಸೆ ಎಲ್ಲ ಇದೆ. ಕನ್ನಡದಲ್ಲೇ 1400ರ ಸುಮಾರಿಗೆ ಅಭಿನವಚಂದ್ರ ಅಶ್ವವೈದ್ಯದ ಮೇಲೆ ಗ್ರಂಥ ಬರೆದ. ಅಂದರೆ ವಿಜಯನಗರ ಕಟ್ಟಿ ಒಂದೆರಡು ತಲೆಮಾರು ಕಳೆಯೋದರೊಳಗೆ. ಜನ ತಲೆ ಕೆಡಿಸ್ಕೊಂಡಿದ್ರು, ಓದಿದ್ರು, ಬರೆದಿದ್ರು. ಆದರೂ ಕುದುರೆ ಸಾಯ್ತಿತ್ತು.

ಹಾಗಾದರೆ ಕಾರಣ ಏನು? ಐನೂರು ವರ್ಷದ ಹಿಂದಿನ ಕುದುರೆಗೆ ಪೋಸ್ಟ್‌ಮಾರ್ಟಂ ಮಾಡೋಕಾಗಲ್ಲ. ಆದರೆ ಲಕ್ಷಣ ಬರೆದಿಟ್ಟಿದ್ದಾರೆ, ಈಗಿನ ಪಶುವೈದ್ಯ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ನಾನು ಆ ಡಾಕ್ಟರ್ ಮಾವನಿಗೆ ಫೋನ್ ಮಾಡಿ ಮಾಡಿ ತಲೆ ತಿಂದೆ. ಅವರು ಬೇಜಾರಿಲ್ಲದೆ ಒಂದೊಂದೇ ಬಿಡಿಸಿ ಹೇಳಿದರು.

ಮೊದಲನೇದು ಪ್ರಯಾಣ ಮತ್ತು ಮೇವು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕ್ ಹತ್ತಿದ್ದೂ ಹೋರ್ಮುಜ್‌ನಲ್ಲೇ. ಅವನ ಜೊತೆಗೆ ಕುದುರೆಗಳೂ ಇದ್ವು. ಅರಬ್ ಕರಾವಳಿ ಬಿಟ್ಟ ಮೇಲೆ ಕಲ್ಲಿಕೋಟೆ ಮುಟ್ಟೋಕೆ ಹದಿನೆಂಟು ದಿನ. ಅಷ್ಟು ದಿನ ಕುದುರೆ ಹಡಗಲ್ಲಿ ನಿಂತೇ ಇರಬೇಕು. ಇಳಿದ ಮೇಲೆ ಘಟ್ಟ ಹತ್ತಬೇಕು. ಬಂದ ತಕ್ಷಣ ಬಾಯಿಗೆ ಗೊತ್ತಿಲ್ಲದ ಮೇವು. ಕುದುರೆಗೆ ಒಂದು ದೊಡ್ಡ ಕಷ್ಟ ಇದೆ, ಅದು ವಾಂತಿ ಮಾಡಲಾರದು. ಒಗ್ಗದ್ದು ತಿಂದರೆ ಹೊರಗೆ ಹಾಕೋ ದಾರಿ ಇಲ್ಲ, ಹೊಟ್ಟೆ ಉಬ್ಬರಿಸಿ ಹೊರಳಾಡಿ ಸಾಯುತ್ತೆ. ಒಂದೇ ಸಲ ಪಿಷ್ಟ ಜಾಸ್ತಿ ಬಿದ್ದರೆ ಗೊರಸಿನ ಒಳಗೆ ಉರಿಯೂತ ಬಂದು ಕಾಲು ಊರೋಕಾಗಲ್ಲ. ಮಾರ್ಕೋ ಪೋಲೋ ಹೇಳಿದ ಬೇಯಿಸಿದ ಅನ್ನ ಇಲ್ಲಿ ತಪ್ಪಿತಸ್ಥನೇ. ಅಷ್ಟರ ಮಟ್ಟಿಗೆ ಅವನ ಮಾತು ಒಪ್ಪೋಣ.

ಎರಡನೇದು ಬೆವರು. ಕುದುರೆ ಮೈ ತಣ್ಣಗೆ ಮಾಡ್ಕೊಳ್ಳೋದು ಮುಖ್ಯವಾಗಿ ಬೆವರಿನಿಂದ. ಒಣ ಹವೆಯಿಂದ ಸೆಕೆಯ ಸೀಮೆಗೆ ಬಂದ ಕೆಲವು ಕುದುರೆಗಳಲ್ಲಿ ಬೆವರೋದೇ ನಿಂತುಹೋಗುತ್ತೆ. ಓಡಿಸಿದರೆ ಏದುಸಿರು, ಮೈ ಕಾದ ಹೆಂಚು. ಬ್ರಿಟಿಷರು ತಂದ ರೇಸ್ ಕುದುರೆಗಳಲ್ಲೂ ಇದನ್ನ ಕಂಡಿದ್ದರು. ಇದಕ್ಕೆ ಆಳಿನ ತಪ್ಪು ಏನೂ ಇಲ್ಲ.

ಮೂರನೇದು ತೌಡು. ಇದು ನನಗೆ ಬಹಳ ಹಿಡಿಸಿತು. ಮಾರ್ಕೋ ಪೋಲೋ ಇನ್ನೊಂದು ವಿಚಿತ್ರ ಬರೀತಾನೆ: ಅಲ್ಲಿ ಒಳ್ಳೇ ಹೆಣ್ಣು ಕುದುರೆಗೆ ಒಳ್ಳೇ ಗಂಡು ಕೂಡಿಸಿದರೂ ಹುಟ್ಟೋ ಮರಿ ಗಿಡ್ಡ, ಕಾಲು ಸೊಟ್ಟ, ಸವಾರಿಗೆ ಬರಲ್ಲ. ಓದಿದೋರು ಇದನ್ನ ಹವೆಯ ಗುಣ ಅಂದ್ಕೊಂಡು ಬಿಟ್ಟುಬಿಡ್ತಾರೆ. ಆದರೆ ಬತ್ತದ ತೌಡು, ಗೋಧಿ ಬೂಸಾ ಎರಡರಲ್ಲೂ ರಂಜಕ ಬಹಳ, ಸುಣ್ಣದ ಅಂಶ ಬಹಳ ಕಡಿಮೆ. ಇದನ್ನೇ ತಿಂದ ಕುದುರೆಯ ಮೈ ರಕ್ತದ ಸಮತೋಲನ ಕಾಪಾಡೋಕೆ ತನ್ನ ಮೂಳೆಯಿಂದಲೇ ಸುಣ್ಣ ಕಿತ್ತುಕೊಳ್ಳುತ್ತೆ. ಮೂಳೆ ಮೆತ್ತಗಾಗಿ ಕುಂಟು ಬರುತ್ತೆ, ಮುಖದ ಮೂಳೆ ಊದಿಕೊಳ್ಳುತ್ತೆ. ಯೂರೋಪಿನಲ್ಲಿ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಇದೇ ಬರ್ತಿತ್ತು. ಬೂಸಾ ಬಿಟ್ಟಿ ಸಿಗ್ತಿತ್ತಲ್ಲ, ಅದಕ್ಕೇ. ಬೆಳೆಯೋ ಮರಿಯ ಮೂಳೆ ಗಟ್ಟಿಯಾಗಬೇಕಾದ ಕಾಲದಲ್ಲಿ ಹೀಗಾದರೆ ಕಾಲು ಸೊಟ್ಟ ಆಗೋದರಲ್ಲಿ ಆಶ್ಚರ್ಯ ಇಲ್ಲ. ಮಾರ್ಕೋ ಪೋಲೋ ಕಂಡದ್ದು ಇದೇ ಅಂತ ನನ್ನ ಊಹೆ. ನೋಡಿ, ಮೇವು ಕಡಿಮೆ ಹಾಕಿದ್ದಲ್ಲ. ಪ್ರೀತಿಯಿಂದ ಹೊಟ್ಟೆ ತುಂಬ ಹಾಕಿದ್ದು.

ಇಷ್ಟು ಕಣ್ಣಿಗೆ ಕಾಣೋ ಕಾರಣಗಳು. ಇನ್ನೆರಡು ಕಾಣದವು.

1880ರಲ್ಲಿ, ಈಗಿನ ಪಾಕಿಸ್ತಾನದ ದೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಸೈನ್ಯದ ಕುದುರೆಗಳೂ ಒಂಟೆಗಳೂ ಸಾಲಾಗಿ ಸಾಯ್ತಿದ್ವು. ಬಿಟ್ಟು ಬಿಟ್ಟು ಜ್ವರ, ತಿಂದರೂ ಸೊರಗೋದು, ರಕ್ತ ಇಳಿಯೋದು, ಕಾಲು ಹೊಟ್ಟೆ ಬಾತುಕೊಳ್ಳೋದು, ಕೊನೆಗೆ ಹಿಂಭಾಗ ಸೋತು ಬೀಳೋದು. ಜನ ಅದಕ್ಕೆ ಸುರ್ರಾ ಅಂತಿದ್ರು. ಗ್ರಿಫಿತ್ ಇವಾನ್ಸ್ ಅನ್ನೋ ಸೈನ್ಯದ ಪಶುವೈದ್ಯ ರಕ್ತದ ಹನಿಯನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಹಾವಿನ ಹಾಗೆ ಹೊರಳಾಡೋ ಜೀವಿಗಳು ಕಂಡವು. ಕಾಯಿಲೆ ಕುದುರೆಯ ರಕ್ತವನ್ನ ಆರೋಗ್ಯದ ಪ್ರಾಣಿಗೆ ಚುಚ್ಚಿದ, ಅದಕ್ಕೂ ರೋಗ ಬಂತು. ಆಗಿನ ದೊಡ್ಡವರು ಒಪ್ಪಲಿಲ್ಲ, ರಕ್ತದಲ್ಲಿರೋ ಇಂಥ ಜೀವಿಗಳು ನಿರುಪದ್ರವಿ ಅಂದರು. ಕೊನೆಗೆ ಇವಾನ್ಸನ ಮಾತೇ ನಿಂತಿತು. ಆ ಪರೋಪಜೀವಿಗೆ ಈಗ ಅವನ ಹೆಸರೇ ಇದೆ, ಟ್ರಿಪನೊಸೋಮ ಇವಾನ್ಸಿ. ದೊಡ್ಡ ನೊಣ ಕಚ್ಚಿದರೆ ಈ ರೋಗ ಬರುತ್ತೆ ಅಂತ ಸ್ಥಳೀಯರು ಮೊದಲಿಂದ ಹೇಳ್ತಿದ್ರು. 1901ರಲ್ಲಿ ಲಿಯೊನಾರ್ಡ್ ರಾಜರ್ಸ್ ಪ್ರಯೋಗ ಮಾಡಿ ತೋರಿಸಿದ ಮೇಲೆ ಅದು ವಿಜ್ಞಾನ ಆಯಿತು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಇದೇ ಪರೋಪಜೀವಿ ದನ ಎಮ್ಮೆಗಳ ರಕ್ತದಲ್ಲೂ ಇರುತ್ತೆ. ಅವುಗಳಿಗೆ ಬಹಳ ಸಲ ಏನೂ ಆದ ಹಾಗೇ ಕಾಣಲ್ಲ. ಹಾಲು ಕೊಡ್ತಾವೆ, ಗಾಡಿ ಎಳೀತಾವೆ. ನೊಣ ಅವನ್ನ ಕಚ್ಚಿ ಪಕ್ಕದ ಕುದುರೆಗೆ ಕಚ್ಚುತ್ತೆ, ಕುದುರೆ ಬೀಳುತ್ತೆ.

ಕೊನೇದು ಚಾಚಾನ ಕುದುರೆಯ ಕಾಯಿಲೆ. ಬ್ರಿಟಿಷ್ ಪಶುವೈದ್ಯರು ಇದನ್ನ ಕುಮ್ರಿ ಅಂತ ಬರೆದರು. ಕಮರ್ ಅಂದರೆ ಉರ್ದುವಿನಲ್ಲಿ ಸೊಂಟ. ಮಳೆಗಾಲ ಮುಗೀತಿದ್ದ ಹಾಗೆ ಚೆನ್ನಾಗಿದ್ದ ಕುದುರೆ ಇದ್ದಕ್ಕಿದ್ದ ಹಾಗೆ ಹಿಂಭಾಗ ಕಳ್ಕೊಳ್ಳುತ್ತೆ. ಜ್ವರ ಇಲ್ಲ, ಮೇವು ತಿನ್ನುತ್ತೆ. ಇದನ್ನ ಬಿಡಿಸೋಕೆ 1950ರ ದಶಕ ಬರಬೇಕಾಯಿತು. ಜಪಾನಿನ ಶೋಹೊ, ಬ್ರಿಟನ್ನಿನ ಇನ್ಸ್, ಸಿಲೋನಿನ ಪಿಳ್ಳೈ ಇವರ ಕೆಲಸದಿಂದ ಒಗಟು ಬಿಚ್ಚಿತು. ದನ ಎಮ್ಮೆಗಳ ಹೊಟ್ಟೆಯ ಪೊರೆಯಲ್ಲಿ ಸೆಟೇರಿಯಾ ಅನ್ನೋ ದಾರದಂಥ ಬಿಳಿ ಹುಳ ಇರುತ್ತೆ. ದನಕ್ಕೆ ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಅದರ ಮರಿಗಳು ರಕ್ತದಲ್ಲಿ ಓಡಾಡ್ತಾವೆ. ಸೊಳ್ಳೆ ಆ ರಕ್ತ ಹೀರುತ್ತೆ, ಕೆಲವು ದಿನ ಮರಿ ಸೊಳ್ಳೆಯೊಳಗೆ ಬೆಳೆಯುತ್ತೆ. ಆ ಸೊಳ್ಳೆ ಇನ್ನೊಂದು ದನಕ್ಕೆ ಕಚ್ಚಿದರೆ ಮರಿ ದಾರಿ ತಿಳಿದು ಹೊಟ್ಟೆಗೆ ಹೋಗುತ್ತೆ. ಕುದುರೆಗೆ ಕಚ್ಚಿದರೆ ದಾರಿ ತಪ್ಪುತ್ತೆ. ಪರವೂರಲ್ಲಿ ವಿಳಾಸ ಸಿಗದವನ ಹಾಗೆ ಅಲೆದಾಡ್ತಾ ಬೆನ್ನುಹುರಿಗೆ ನುಗ್ಗುತ್ತೆ. ಎಲ್ಲಿ ಕೊರೀತೋ ಅಲ್ಲಿಂದ ಹಿಂದಿನ ಭಾಗ ಸೋಲುತ್ತೆ.

ಅದಕ್ಕೇ ಡಾಕ್ಟರ್ ಕೇಳಿದ್ದು ಎಮ್ಮೆ, ಗದ್ದೆ.

ಈಗ ಹೊಸಪೇಟೆ ಸುತ್ತಮುತ್ತಲಿನ ಜಾಗ ಕಣ್ಣ ಮುಂದೆ ತಂದ್ಕೊಳ್ಳಿ. ನಾನು ಹುಟ್ಟಿ ಬೆಳೆದದ್ದು ಕಂಪ್ಲಿ ಕಡೆಯ ಹಳ್ಳಿಯಲ್ಲಿ. ಎಲ್ಲಿ ನೋಡಿದರೂ ಬತ್ತ, ಕಬ್ಬು, ಬಾಳೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ಒಳಗೆ ಹರಿಯೋ ತುರ್ತಾ ಕಾಲುವೆ, ಇವೆಲ್ಲ ವಿಜಯನಗರದವರು ತೋಡಿದವು, ಇವತ್ತಿಗೂ ನೀರು ಹರೀತಿದೆ. ರಾಜಧಾನಿಗೆ ಅನ್ನ ಕೊಟ್ಟದ್ದು ಈ ಕಾಲುವೆಗಳು. ಉಳೋಕೆ, ಗಾಡಿ ಎಳೆಯೋಕೆ, ಸೈನ್ಯದ ಸಾಮಾನು ಹೊರೋಕೆ ಲೆಕ್ಕವಿಲ್ಲದಷ್ಟು ಎತ್ತು. ನಿಂತ ನೀರು, ಅದರ ಪಕ್ಕ ದನ, ಅದರ ಪಕ್ಕ ಲಕ್ಷಾಂತರ ವರಹದ ಕುದುರೆ. ಸೊಳ್ಳೆಗೂ ನೊಣಕ್ಕೂ ಇದಕ್ಕಿಂತ ಒಳ್ಳೇ ಸಂತೆ ಎಲ್ಲಿ ಸಿಗುತ್ತೆ?

ಬೇರೆ ಕಡೆಯೂ ಇದೇ ಕಥೆ ನಡೆದಿದೆ. ಪಶ್ಚಿಮ ಆಫ್ರಿಕದ ಓಯೋ ರಾಜ್ಯ ಉತ್ತರದಿಂದ ಕುದುರೆ ಕೊಂಡು ಕೊಂಡು ಅಶ್ವದಳ ಕಟ್ಟಿತು. ಅಲ್ಲಿ ಕುದುರೆ ಉಳಿಸ್ಕೊಳ್ಳೋದು ಕಷ್ಟ, ಯಾಕಂದರೆ ತ್ಸೆತ್ಸೆ ನೊಣ. ಅದು ಹರಡೋ ರೋಗಾಣುವೂ ಸುರ್ರಾದ ದಾಯಾದಿಯೇ. ಅವರೂ ವರ್ಷ ವರ್ಷ ಕೊಳ್ತಾನೇ ಇದ್ದರು.

ನನಗೆ ಅರ್ಥ ಆದದ್ದು ಇಷ್ಟು. ದಖ್ಖನ್ ದನದ ಸೀಮೆ. ಇಲ್ಲಿನ ಹುಳ, ನೊಣ, ಸೊಳ್ಳೆ ಸಾವಿರಾರು ವರ್ಷ ದನದ ಜೊತೆ ಹೊಂದಿಕೊಂಡು ಬಾಳಿದವು. ಕನ್ನಡದಲ್ಲೂ ಕುದುರೆ ವೈದ್ಯಕ್ಕಿಂತ ಮುಂಚೆ ಬಂದದ್ದು ದನದ ವೈದ್ಯ. ಚಾಲುಕ್ಯರ ಕೀರ್ತಿವರ್ಮನ ಗೋವೈದ್ಯ 12ನೇ ಶತಮಾನದ ಆರಂಭದ್ದು. ಈ ಸೀಮೆಗೆ ಹಡಗಿನಿಂದ ಇಳಿದ ಕುದುರೆಗೆ ಇಲ್ಲಿನ ಕಾಯಿಲೆಯ ಪರಿಚಯವೇ ಇಲ್ಲ. ಅದೇ ಭೀಮಾ ತೀರದ ಒಣ ಬಯಲಲ್ಲಿ ಬೆಳೆದ ಗಿಡ್ಡ ದಖ್ಖನಿ ಕುದುರೆ ನೋಡೋಕೆ ಚಂದ ಇಲ್ಲದಿದ್ದರೂ ಬಾಳಿಕೆ ಬರ್ತಿತ್ತು. ಮರಾಠರು ಅದರ ಬೆನ್ನ ಮೇಲೇ ದೇಶ ಸುತ್ತಿದರು, ಅವರಲ್ಲಿ ಸಂಡೂರನ್ನ ಆಳಿದ ಘೋರ್ಪಡೆಗಳೂ ಸೇರಿ. ವಿಜಯನಗರದಲ್ಲೂ ಸ್ಥಳೀಯ ಕುದುರೆ ಸಾವಿರ ಪರ್ದಾವಿಗೆ ಹನ್ನೆರಡರಿಂದ ಹದಿನೈದು ಸಿಗ್ತಿತ್ತು ಅಂತ ನೂನಿಜ್ ಬರೀತಾನೆ. ಹೋರ್ಮುಜ್ ಕುದುರೆಯ ಹಳೇ ರೇಟಿಗೆ ಹೋಲಿಸಿದರೆ ನಾಲ್ಕೈದು ಪಟ್ಟು ಅಗ್ಗ. ಆದರೂ ರಾಜನ ಕಣ್ಣು ಎತ್ತರದ ಪರ್ಷಿಯನ್ ಕುದುರೆ ಮೇಲೆ. ಭಾರದ ಸವಾರನನ್ನ ಹೊತ್ತು ನುಗ್ಗೋಕೆ ಅದೇ ಬೇಕು, ಆ ಕಡೆ ಬಹಮನಿಗಳ ಹತ್ತಿರ ಅದೇ ಇದೆ. ಬಾಲಕ್ಕೆ ದುಡ್ಡು ಕೊಟ್ಟದ್ದು ದಡ್ಡತನ ಅಲ್ಲ. ಕೊಡದಿದ್ದರೆ ಹಡಗು ಶತ್ರುವಿನ ಬಂದರಿಗೆ ಹೋಗ್ತಿತ್ತು.

ಇದರ ಬೆಲೆ ಎಷ್ಟು ದೊಡ್ಡದು ಅಂದರೆ, 1510ರಲ್ಲಿ ಅಲ್ಬುಕರ್ಕ್ ಗೋವಾ ಹಿಡಿದ ಮೇಲೆ ಪೋರ್ಚುಗೀಸರು ಕುದುರೆ ಹಡಗುಗಳೆಲ್ಲ ಗೋವಾದಲ್ಲೇ ಇಳೀಬೇಕು ಅಂತ ಮಾಡಿದರು. ಭಟ್ಕಳದಂಥ ನಮ್ಮ ಬಂದರುಗಳಿಗೆ ಪೆಟ್ಟು ಬಿತ್ತು. 1547ರಲ್ಲಿ ಸದಾಶಿವರಾಯನ ಜೊತೆ ಅವರು ಮಾಡ್ಕೊಂಡ ಒಪ್ಪಂದದ ಒಂದು ಮುಖ್ಯ ಅಂಶವೇ ಕುದುರೆ. ಗೋವಾದ ಕುದುರೆ ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕೆ ಇಲ್ಲ. ಆ ಕಾಲದ ದೊಡ್ಡ ಸಾಮ್ರಾಜ್ಯವೊಂದು ತನ್ನ ಸೈನ್ಯಕ್ಕಾಗಿ ಒಂದು ಪರದೇಶಿ ಬಂದರಿನ ಕಡೆ ಮುಖ ಮಾಡಿ ಕೂತಿತ್ತು. ಅದಕ್ಕೆ ರಾಜಕೀಯ ಕಾರಣ ಬೇಕಾದಷ್ಟಿವೆ. ಆದರೆ ಕೊಂಡ ಕುದುರೆ ಹತ್ತು ಹದಿನೈದು ವರ್ಷ ಬಾಳಿ ಇಲ್ಲೇ ಗಟ್ಟಿ ಮರಿ ಹಾಕಿದ್ದಿದ್ದರೆ ಅಷ್ಟು ಬಾಗಬೇಕಿರಲಿಲ್ಲ ಅನ್ಸುತ್ತೆ. ಆ ಹೊನ್ನಿನ ಹೊಳೆಯ ಒಂದು ಪಾಲು ಸೊಳ್ಳೆ ನೊಣಗಳ ರೆಕ್ಕೆ ಮೇಲೆ ಸಮುದ್ರ ದಾಟಿ ಹೋಯಿತು.

ನನಗೆ 'ಇವರಿಗೆ ಕುದುರೆ ಸಾಕೋಕೆ ಬರಲ್ಲ' ಅನ್ನೋ ಆ ಸಾಲು ಈಗ ಚುಚ್ಚುತ್ತೆ. ಅದನ್ನ ಬರೆದೋರು, ಹೇಳಿದೋರು ಮಾರೋ ಕಡೆಯವರು. ಕೊಂಡೋರು ಲೆಕ್ಕ ಇಟ್ಟರು, ಕಾರಣ ಬರೆಯಲಿಲ್ಲ. ರಾತ್ರಿ ಲಾಯದಲ್ಲಿ ಮಲಗಿ, ಯಾವ ತಿಂಗಳಲ್ಲಿ ಯಾವ ಕಟ್ಟೆಯ ಕುದುರೆ ಬೀಳುತ್ತೆ ಅಂತ ಕಣ್ಣಾರೆ ಕಂಡ ಆಳನ್ನ ಕೇಳಿದವರಿಲ್ಲ. ಸುರ್ರಾ ವಿಷಯದಲ್ಲೂ ಹಾಗೇ ಆಯಿತಲ್ಲ, ನೊಣ ಅಂತ ಜನ ಹೇಳ್ತಾನೇ ಇದ್ರು. ನಮ್ಮ ಅಜ್ಜ ದಿನಾ ಸಂಜೆ ದನದ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪು, ಕುಳ್ಳು ಹಾಕಿ ಹೊಗೆ ಎಬ್ಬಿಸ್ತಿದ್ದ. ಯಾಕಜ್ಜ ಅಂದರೆ "ದನ ನಿದ್ದಿ ಮಾಡಬೇಕಲ್ಲೋ" ಅಂತಿದ್ದ. ಅಷ್ಟೇ ಅವನ ಥಿಯರಿ. ಹುಳದ ಹೆಸರು ಅವನಿಗೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಆಫೀಸಲ್ಲಿ ಸರ್ವರ್ ಬಿದ್ದಾಗ ನಾವು ಮೊದಲು ಹುಡುಕೋದು ಯಾರ ತಪ್ಪು ಅಂತ. ರಾತ್ರಿ ಪಾಳಿಯವನ ಹೆಸರು ಸಿಕ್ಕಿದರೆ ಮೀಟಿಂಗ್ ಮುಗೀತು. ಆ ಮದುವೆ ಮನೆಯ ಗುಂಪು ಚಾಚಾಗೆ ಮಾಡಿದ್ದೂ ಅದೇ. ಮಾರ್ಕೋ ಪೋಲೋ ಒಂದು ಇಡೀ ಸೀಮೆಗೆ ಮಾಡಿದ್ದೂ ಅದೇ.

ಮೂರು ತಿಂಗಳಾದ ಮೇಲೆ ಗೆಳೆಯನಿಂದ ಚಾಚಾನ ನಂಬರ್ ಇಸ್ಕೊಂಡು ಫೋನ್ ಮಾಡಿದೆ. ಡಾಕ್ಟರ್ ಹುಳದ ಔಷಧಿ, ಬಾವು ಇಳಿಯೋ ಔಷಧಿ ಕೊಟ್ಟಿದ್ದರು. ಬೆನ್ನುಹುರಿಗೆ ಒಮ್ಮೆ ಆದ ಗಾಯ ಪೂರ್ತಿ ವಾಸಿ ಆಗೋದು ಕಷ್ಟ ಅಂತ ಮೊದಲೇ ಹೇಳಿದ್ದರಂತೆ. ಕುದುರೆ ಬದುಕಿದೆ. ಮೆಲ್ಲಗೆ ನಡೆಯುತ್ತೆ, ಮೆರವಣಿಗೆಗೆ ಹೋಗಲ್ಲ. ಎಮ್ಮೆಗಳನ್ನ ತಮ್ಮ ಊರ ಆ ಕಡೆಗೆ ಕಟ್ಟಿದ್ದಾನೆ. ಲಾಯಕ್ಕೆ ಸೊಳ್ಳೆ ಪರದೆ ಬಂದಿದೆ. ಸಂಜೆ ಹೊಗೆ ಹಾಕ್ತಾರೆ.

"ಕಣ್ಣು ಬಿದ್ದಿದ್ದಲ್ಲ ಅಂತ ಗೊತ್ತಾತು ನೋಡ್ರಿ" ಅಂದರು ಚಾಚಾ. "ನಾನೇ ಎಲ್ಲೋ ತಪ್ಪು ಮಾಡೀನಿ ಅಂತ ವರ್ಷಗಟ್ಲೆ ಒಳಗೊಳಗೇ ಕೊರೀತಿತ್ತು. ಈಗ ಸ್ವಲ್ಪ ನಿದ್ದಿ ಬರ್ತೈತಿ."